ಕುಷ್ಟ ಉಸಿರು ಬಿಡಲು ಕಲಿಸಿದ ಬಗೆ

ನನ್ನ ತಮ್ಮ ಕುಷ್ಟನಿಗೆ ಕೈ ಮೊದಲು ಏಳುತ್ತಿತ್ತು, ಮಾತು ಆಮೇಲೆ. ಈಗ ಊರಿನವರು ಅವನನ್ನು ದೇವರಂಥವನು ಎನ್ನುತ್ತಾರೆ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗೆ ಹೇಳುವವರಲ್ಲಿ ಅರ್ಧ ಜನ ಅವನ ಕೈಯಿಂದ ಪೆಟ್ಟು ತಿಂದವರು. ಅವನು ಮುಂಗೋಪಿ, ಹಟಮಾರಿ, ಬಾಯಿ ತೆಗೆದರೆ ಬೈಗುಳ. ಅವನ ಕಥೆ ಹೇಳುವುದಾದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ನಾನು ಸೀತು, ಅವನ ಅಕ್ಕ, ಬೈಂದೂರು ಪೇಟೆಯಲ್ಲಿ ಮೀನು ಮಾರುವವಳು. ನನಗೂ ಅವನಿಂದ ಪೆಟ್ಟು ಬಿದ್ದಿದೆ. ನಾನೂ ಸುಮ್ಮನೆ ಕೂತವಳಲ್ಲ, ತಿರುಗಿಸಿ ಕೊಟ್ಟಿದ್ದೇನೆ.

ನಮ್ಮ ಮನೆ ಕೊಡೇರಿಯಲ್ಲಿ, ಹೊಳೆ ಕಡಲಿಗೆ ಸೇರುವ ಅಳಿವೆಯ ಪಕ್ಕ. ಅಪ್ಪನದು ಮುಳುಗುವ ಕೆಲಸ. ದಡದ ಬಂಡೆಗಳ ಬುಡದಲ್ಲಿ ಪಚ್ಚಿಲೆ ಎಂಬ ಚಿಪ್ಪುಮೀನು ಕಚ್ಚಿಕೊಂಡಿರುತ್ತದೆ, ಉಸಿರು ಕಟ್ಟಿ ಮುಳುಗಿ ಉಳಿಯಿಂದ ಅದನ್ನು ಎಬ್ಬಿಸಿ ತರಬೇಕು. ಅದಿಲ್ಲದ ದಿನ ಗಂಗೊಳ್ಳಿ ಬಂದರಿನಿಂದ ಕರೆ ಬರುತ್ತಿತ್ತು. ಬೋಟಿನ ಅಡಿಯಲ್ಲಿ ತಿರುಗುವ ಫ್ಯಾನಿಗೆ ಬಲೆ ಸುತ್ತಿಕೊಂಡರೆ ಯಾರಾದರೂ ಕೆಳಗೆ ಹೋಗಿ ಕೊಯ್ದು ಬಿಡಿಸಬೇಕಲ್ಲ. ತೊಂಬತ್ತೇಳರಲ್ಲಿ, ಮಳೆಗಾಲ ಮುಗಿದು ಬೋಟುಗಳು ಕಡಲಿಗಿಳಿದ ಹೊಸದರಲ್ಲಿ, ಹಾಗೆ ಬಿಡಿಸಲು ಹೋದ ಅಪ್ಪನ ಕಾಲಿಗೇ ಬಲೆ ಸುತ್ತಿಕೊಂಡಿತು. ಮೇಲೆ ಹಗ್ಗ ಹಿಡಿದಿದ್ದವನು ಕುಷ್ಟ. ಹಗ್ಗ ಅಲುಗಿದ್ದೇ ಚೂರಿ ಕಚ್ಚಿಕೊಂಡು ಹಾರಿದ. ಕೊಯ್ದು ಮೇಲೆ ತಂದಾಗ ಅಪ್ಪನ ಕಣ್ಣು ತೆರೆದೇ ಇತ್ತು, ಜೀವ ಇರಲಿಲ್ಲ.

ಬಂದರಿನ ಧಕ್ಕೆಯಲ್ಲಿ, ಬೋಟು ಕಟ್ಟುವ ಕಟ್ಟೆಯಲ್ಲಿ, ಹೆಣ ಇಳಿಸುವಾಗ ಆ ಬೋಟಿನ ತಂಡೇಲ, ಬೋಟು ನಡೆಸುವವನು, ಬಾಯಿ ಮುಚ್ಚಿಕೊಂಡಿರಬೇಕಿತ್ತು. "ಇನ್ನೊಂದ್ ಗಳ್ಗಿ ಉಸ್ರ್ ಕಟ್ಟಿದ್ರೆ ಬದ್ಕ್ತಿದ್ದ, ಮುದುಕ್ನಿಗೆ ದಮ್ ಸಾಲ್ಲಿಲ್ಲ" ಅಂದ. ಕುಷ್ಟ ಅವನನ್ನು ಐಸ್ ಒಡೆಯುವ ಮರದ ಸುತ್ತಿಗೆಯಿಂದ ಹೊಡೆದ. ಭುಜದ ಎಲುಬು ಮುರಿದದ್ದು ಎಲ್ಲರಿಗೂ ಕೇಳಿಸಿತು. ನಾಲ್ಕು ಜನ ಸೇರಿ ಕುಷ್ಟನನ್ನು ನೆಲಕ್ಕೆ ಕೆಡವಿ, ಬೆನ್ನ ಮೇಲೆ ಕೂತು ಹಿಡಿದುಕೊಂಡರು. ಅಪ್ಪನ ಹೆಣ ಒಂದು ಕಡೆ, ಈ ರಂಪ ಒಂದು ಕಡೆ. ನಾನು ಯಾರ ಹತ್ತಿರ ಹೋಗಿ ಅಳಲಿ ಎಂದು ತಿಳಿಯದೆ ನಿಂತೆ.

ಆದರೆ ಹೊಡೆದವನ ತಲೆಯಲ್ಲಿ ಆ ತಂಡೇಲನ ಮಾತೇ ಕೂತುಬಿಟ್ಟಿತು. ನಮ್ಮ ಕೊನೆಯ ತಮ್ಮ ಚಂದ್ರನಿಗೆ ಆಗ ಹನ್ನೆರಡು. ಅವನೂ ಮುಂದೆ ಮುಳುಗುವವನೇ, ನಮ್ಮ ಮನೆಯಲ್ಲಿ ಬೇರೆ ದಾರಿ ಇರಲಿಲ್ಲ. ಅಪ್ಪನ ಉತ್ತರಕ್ರಿಯೆ, ಬೊಜ್ಜ, ಮುಗಿದ ಮಾರನೆ ದಿನವೇ ಕುಷ್ಟ ಅವನನ್ನು ಅಳಿವೆಗೆ ಎಳೆದುಕೊಂಡು ಹೋದ. ಕುತ್ತಿಗೆ ಹಿಡಿದು ನೀರಿಗೆ ಅದುಮಿದ. ಗುಳ್ಳೆ ಮೇಲೆ ಬಂದರೆ ಕೂದಲು ಹಿಡಿದು ಎತ್ತಿ ಕಪಾಳಕ್ಕೆ ಬಾರಿಸಿ ಮತ್ತೆ ಅದುಮುವುದು. ಬಾಯಿ ಮುಚ್ಚಿ, ಗುಳ್ಳೆ ಬಿಡದೆ, ಅವನು ಸಾಕೆನ್ನುವವರೆಗೂ ಇದ್ದರೆ ಪೆಟ್ಟಿಲ್ಲ. ನಾನು ಓಡಿಹೋಗಿ ಹುಟ್ಟಿನ ಕೋಲಿನಿಂದ ಕುಷ್ಟನ ಬೆನ್ನಿಗೆ ಹಾಕಿದೆ.

"ಕೊಲ್ತ್ಯನಾ ಅವ್ನನ್ನ?"

"ಅಪ್ಪ ಸತ್ತದ್ ಎಂತಕ್ಕೆ? ಉಸ್ರ್ ಸಾಲ್ದೆ. ಇವ ಹಾಂಗ್ ಸಾಯುಕಾಗ. ಬೇಕಾರೆ ನೀನ್ ಇನ್ನೊಂದ್ ಪೆಟ್ಟ್ ಹೊಡಿ, ನಾನ್ ಬಿಡುದಿಲ್ಲ."

ಇನ್ನೊಂದು ಹೊಡೆದೆ. ಅವನು ಬಿಡಲಿಲ್ಲ. ವರ್ಷಗಟ್ಟಲೆ ಬಿಡಲಿಲ್ಲ. ಊಟಕ್ಕೆ ಕೂತವನ ಮೂಗು ಬಾಯಿ ಹಿಂದಿನಿಂದ ಬಂದು ಮುಚ್ಚುತ್ತಿದ್ದ. ನೀರಿನಲ್ಲಿ ಹೆದರಿಸುತ್ತಿದ್ದ, ಹಿಂದಿನಿಂದ ಕಾಲು ಎಳೆಯುತ್ತಿದ್ದ. ಹೆದರಿದಾಗ ಬಾಯಿ ತಾನಾಗಿ ಮುಚ್ಚಬೇಕು, ಯೋಚನೆ ಮಾಡಲಿಕ್ಕಿಲ್ಲ, ಅದೇ ಅವನ ಪಾಠ. ಚಂದ್ರ ಮೀಸೆ ಬರುವ ಹೊತ್ತಿಗೆ ಕುಷ್ಟನಿಗಿಂತ ಹೆಚ್ಚು ಹೊತ್ತು ಕೆಳಗಿರುತ್ತಿದ್ದ. ಬೈಂದೂರಿನಿಂದ ಮರವಂತೆಯವರೆಗೆ ಅಷ್ಟು ಉಸಿರು ಕಟ್ಟುವವರು ಮತ್ತೊಬ್ಬರಿರಲಿಲ್ಲ. ಅಣ್ಣನ ಮೇಲೆ ಅವನಿಗೆ ಪ್ರೀತಿ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ದ್ವೇಷವಂತೂ ಇತ್ತು. ಕುಷ್ಟ ಪಕ್ಕದಲ್ಲಿ ಬಂದು ನಿಂತರೆ ಸಾಕು, ಅವನ ಭುಜ ಬಿಗಿಯಾಗುತ್ತಿತ್ತು.

ಹೀಗೆ ಇಬ್ಬರೂ ಪಚ್ಚಿಲೆ ತೆಗೆಯುತ್ತ, ಬಲೆ ಕೊಯ್ಯುತ್ತ ಬದುಕಿದರು. ಒಂದು ಸಲ ಯಾರೋ ತಲೆಕೆಟ್ಟವನು ಕುಷ್ಟ ಕೆಳಗಿರುವಾಗಲೇ ಇಂಜಿನ್ ಚಾಲೂ ಮಾಡಿದ. ಎಡಗೈಯ ಎರಡು ಬೆರಳು ಹೋದವು. ರಕ್ತ ಸುರಿಯುವ ಕೈಯಿಂದಲೇ ಬೋಟು ಹತ್ತಿ ಆ ಮನುಷ್ಯನ ಮುಖ ಜಜ್ಜಿ, ಆಮೇಲೆ ಆಸ್ಪತ್ರೆಗೆ ಹೋದ. ಪಚ್ಚಿಲೆ ಬಂಡೆಗಾಗಿ ಶಿರೂರು ಕಡೆಯವರೊಂದಿಗೆ ಹೊಡೆದಾಟ ವರ್ಷಕ್ಕೊಂದು ಇದ್ದದ್ದೇ. ಇಂಥವನಿಗೆ ಹೆಣ್ಣು ಕೊಡುವವರು ಯಾರು? ನನ್ನ ಗಂಡ ಮುಂಬೈಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡಿದ್ದ. ನಾವು ಮೂವರೂ ಒಂದೇ ಸೂರಿನಡಿ ಉಳಿದೆವು.

ಎರಡು ಸಾವಿರದ ಹತ್ತರ ಹೊತ್ತಿಗೆ ಬ್ರಹ್ಮಾವರದ ಭೋಜರಾಜ ಬಂದ. ಮುಂಬೈಯಲ್ಲಿ ಹೋಟೆಲು ನಡೆಸಿ ವಾಪಸು ಬಂದವನು. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಜನರನ್ನು ಕಡಲಡಿಗೆ ಕರೆದುಕೊಂಡು ಹೋಗುವ ಸ್ಕೂಬಾ ವ್ಯಾಪಾರ ಅವನ ತಲೆಯಲ್ಲಿತ್ತು. ಕುಷ್ಟನ ಬಗ್ಗೆ ಕೇಳಿಕೊಂಡು ಸೀದಾ ಮನೆಗೆ ಬಂದು ಜಗಲಿಯ ಮೇಲೆ ಕೂತ.

"ಹ್ವಾಯ್ ಕುಷ್ಟ, ನೀವ್ ಬೆಳಗಾದ್ರೆ ಕಾಂಬ್ದನ್ನೇ ಕಾಂಬುಕೆ ಬೆಂಗ್ಳೂರಿಂದ ಜನ ಬತ್ರ್ ಮಾರಾಯ. ಬಂಡೆ ಎಲ್ಲಿತ್ತ್, ಮೀನ್ ಎಲ್ಲಿತ್ತ್ ಅಂದ್ ತೋರ್ಸಿರೆ ಸಾಕ್. ಏಕ್‌ದಮ್ ಸುಲಭ."

ಎರಡು ಥರ ಮಾಡುತ್ತೇನೆ ಎಂದ. ಒಂದು ದಡದ ಮುಳುಗು, ಬೈಂದೂರಿನ ಬಂಡೆಗಳ ಹತ್ತಿರ ನಡೆದುಕೊಂಡೇ ನೀರಿಗಿಳಿಯುವುದು. ಇನ್ನೊಂದಕ್ಕೆ ಹಂಗಾರಕಟ್ಟೆಯಲ್ಲಿ ಹಳೆಯ ಟ್ರಾಲ್ ಬೋಟೊಂದನ್ನು ಬಿಚ್ಚಿ ಕಟ್ಟಿಸುತ್ತಿದ್ದ. ಮೀನಿನ ಐಸ್ ತುಂಬುವ ಜಾಗದಲ್ಲಿ ಹಾಸಿಗೆ, ಮೇಲೆ ಚಪ್ಪರ. ದೂರ ಕಡಲ ನಡುವೆ ಎದ್ದ ಜಟ್ಟಿಗನ ಕಲ್ಲು ಎಂಬ ಬಂಡೆಗೆ ಹೋಗಿ ಅಲ್ಲೇ ಲಂಗರು ಹಾಕಿ, ದಿನಗಟ್ಟಲೆ ಬೋಟಿನಲ್ಲೇ ಉಂಡು ಮಲಗಿ ಮುಳುಗುವುದು. ನಮ್ಮವರು ಅದಕ್ಕೆ ಮಲಗು ಬೋಟು ಎಂದು ಹೆಸರಿಟ್ಟು ನಕ್ಕರು.

ಕುಷ್ಟ, ಚಂದ್ರ ಇಬ್ಬರೂ ಕೆಲಸಕ್ಕೆ ಸೇರಿದರು. ಕಲಿಸಲು ಕುಂದಾಪುರದ ಯತೀಶ್ ಎಂಬ ಯುವಕ ಇದ್ದ, ಅಂಡಮಾನಿನಲ್ಲಿ ಈ ಕೆಲಸ ಮಾಡಿ ಬಂದವನು. ಪಾಠ ನಡೆದದ್ದು ಶಂಕರನಾರಾಯಣದ ದಾರಿಯಲ್ಲಿ, ಬಿಟ್ಟುಹೋದ ಒಂದು ಕಲ್ಲುಕೋರೆಯಲ್ಲಿ. ಮಳೆನೀರು ತುಂಬಿ ಬಾವಿಗಿಂತ ಆಳವಾಗಿತ್ತು. ಕುಷ್ಟ ಯಾರಿಗಾದರೂ ಹೊಡೆದರೆ ಬಿಡಿಸಲು ಇರಲಿ ಎಂದು ಊಟದ ಬುತ್ತಿ ಹಿಡಿದು ನಾನೂ ಹೋದೆ.

ಯತೀಶ್ ಮೊದಲ ಮಾತೇ ಹೀಗೆ ಹೇಳಿದ: "ಬೇರೆಲ್ಲ ಮರ್ತ್ರೂ ಅಡ್ಡಿಲ್ಲ, ಇದೊಂದ್ ಮರುಕಾಗ. ನೀರಗೆ ಉಸ್ರ್ ಕಟ್ಟುಕಾಗ. ಎಳ್ಕಣ್ತಾ, ಬಿಡ್ತಾ ಇರ್ಕ್."

ಕುಷ್ಟ ಗಹಗಹಿಸಿ ನಕ್ಕ. "ಉಸ್ರ್ ಕಟ್ಟದೆ ಮುಳ್ಗುದ್ ಎಂತ ಮುಳ್ಗುದಾ? ಅದ್ ಬರೀ ನೀರ್ ಮೀವ್ದ್."

ಯತೀಶ್ ವಾದ ಮಾಡಲಿಲ್ಲ. ಒಂದು ಬಲೂನು ತೆಗೆದುಕೊಂಡು ಕೋರೆಯ ತಳಕ್ಕೆ ಹೋದ. ಅಲ್ಲಿ ಸಿಲಿಂಡರಿನ ಗಾಳಿಯನ್ನು ಬಲೂನಿಗೆ ತುಂಬಿ, ಗಂಟು ಹಾಕಿ ಬಿಟ್ಟ. ನಾವು ದಂಡೆಯಿಂದ ನೋಡುತ್ತಿದ್ದೆವು. ಹಸಿರು ನೀರಿನಲ್ಲಿ ಅದು ಮೇಲೆ ಬರುತ್ತ ಬರುತ್ತ ಊದಿಕೊಂಡಿತು, ಮೇಲೆ ತಲುಪುವ ಮೊದಲೇ ಒಡೆದು ಚಿಂದಿಯಾಯಿತು. ಯತೀಶ್ ಮೇಲೆ ಬಂದು ಬಿಡಿಸಿ ಹೇಳಿದ. ಪಚ್ಚಿಲೆಗೆ ಮುಳುಗುವಾಗ ನಾವು ಎಳೆದುಕೊಂಡು ಹೋಗುವುದು ಮೇಲಿನ ಗಾಳಿ, ಅದನ್ನು ಕಟ್ಟಿಕೊಂಡು ಎಷ್ಟು ಬೇಕಾದರೂ ಏರಬಹುದು. ಸಿಲಿಂಡರಿನದು ತಳದಲ್ಲೇ ಎಳೆದುಕೊಂಡ, ಒತ್ತಿ ತುಂಬಿದ ಗಾಳಿ. ಬಾಯಿ ಮುಚ್ಚಿಕೊಂಡು ಮೇಲೆ ಬಂದರೆ ಅದು ಎದೆಯೊಳಗೆ ಊದಿಕೊಳ್ಳುತ್ತದೆ, ಶ್ವಾಸಕೋಶ ಹರಿಯುತ್ತದೆ.

ಕುಷ್ಟನ ನಗು ನಿಂತಿತ್ತು. "ಗಾಬ್ರಿ ಬಿದ್ದವ ನೀರಗೆ ಎಂತ ಮಾಡ್ತ?" ಎಂದು ಕೇಳಿದ.

"ಸಣ್ಣ ಪ್ರಾಯದಗೆ ಎಂತ ಅಭ್ಯಾಸ ಆಯಿತ್ತೋ, ಅದ್ನೇ ಮಾಡ್ತ, ಕುಷ್ಟಣ್ಣ."

ಕುಷ್ಟ ತಿರುಗಿ ಚಂದ್ರನನ್ನು ನೋಡಿದ. ಚಂದ್ರ ಆಗಲೇ ಹೊಸ ಸಾಮಾನುಗಳನ್ನು ಮುಟ್ಟಿ ಮುಟ್ಟಿ ನೋಡುತ್ತ, ಏನೋ ಗುನುಗುತ್ತಿದ್ದ. ವಾಪಸು ಬರುವ ಬಸ್ಸಿನಲ್ಲಿ ಕುಷ್ಟ ನನ್ನ ಪಕ್ಕ ಕೂತು, ನನ್ನ ಮುಖ ನೋಡದೆ, "ಅವ್ನ್ ಬಾಯಿ ಮುಚ್ಸದ್ದ್ ನಾನೇ ಅಲ್ದಾ" ಅಂದ. ಹೌದು, ಇವನೇ.

ಮೊದಲ ವರ್ಷ ದಡದ ಮುಳುಗು ಮಾತ್ರ ನಡೆಯಿತು. ಕುಷ್ಟನಿಗೆ ಅದು ಒಪ್ಪಿಗೆಯಾಗಿತ್ತು, ಯಾಕೆಂದರೆ ದಡದಲ್ಲಿ ನೆಲ ಇಳಿಜಾರು. ನಡೆದು ಇಳಿದವನು ನಡೆದೇ ಹತ್ತುತ್ತಾನೆ, ಅವಸರದಲ್ಲಿ ಮೇಲಕ್ಕೆ ಚಿಮ್ಮುವಷ್ಟು ಆಳ ಅಲ್ಲಿಲ್ಲ. ಚಂದ್ರ ಎದೆಯುದ್ದ ನೀರಿನಲ್ಲಿ ಕೆಲಸ ಮಾಡಿಕೊಂಡು ಸಂಜೆ ಮನೆಗೆ ಬಂದು ಗಂಜಿ ಉಣ್ಣಲಿ, ಅಷ್ಟೇ ಅವನ ಆಸೆ. ಆದರೆ ಬಂದ ಗಿರಾಕಿಗಳಿಗೆ ಅದು ಹಿಡಿಸಲಿಲ್ಲ. ಹೊಳೆಯ ಕೆಸರು ಬಂದು ನೀರು ಸದಾ ಕದಡಿರುತ್ತದೆ, ತಮ್ಮ ಕೈ ತಮಗೇ ಕಾಣುವುದಿಲ್ಲ. ಅಲೆ ಎತ್ತಿ ಬಂಡೆಗೆ ಬಡಿಯುತ್ತದೆ, ಪಚ್ಚಿಲೆಯ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಒಬ್ಬ ಗಂಡಸು ಮಂಡಿಯಿಂದ ಪಾದದವರೆಗೆ ಸೀಳಿಸಿಕೊಂಡು, ಹೆದರಿ ಕೈಕಾಲು ಬಡಿಯತೊಡಗಿದ. ಕುಷ್ಟ ಅವನ ದವಡೆಗೆ ಒಂದು ಬಿಟ್ಟು, ಮೆತ್ತಗಾದ ಮೇಲೆ ಕೂದಲು ಹಿಡಿದು ದಡಕ್ಕೆಳೆದ. ಜೀವ ಉಳಿಸಿದ್ದು ನಿಜ. ಆ ಮನುಷ್ಯ ಮಾತ್ರ ಪೊಲೀಸಿಗೆ ಹೋಗುತ್ತೇನೆ ಎಂದು ಕೂಗಾಡಿದ.

ಬೈಂದೂರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಗಿರಾಕಿಗಳು ಅದನ್ನೇ ಮಾತಾಡುತ್ತಿದ್ದರು, ದಡದಿಂದಲೋ, ಬೋಟಿನಿಂದಲೋ. ದಡದ್ದಾದರೆ ಖರ್ಚು ಕಡಿಮೆ, ಬೇಡವೆನಿಸಿದರೆ ಎದ್ದು ಹೋಗಬಹುದು, ವಾಂತಿಯ ಗೋಳಿಲ್ಲ. ಬೋಟಾದರೆ ನೀಲಿ ನೀರು, ಆಮೆ, ಹಿಂಡು ಹಿಂಡು ಮೀನು, ಎದ್ದ ಕೂಡಲೇ ಕಾಲಡಿಯಲ್ಲೇ ಕಡಲು. ಆದರೆ ಅಲ್ಲಿ ಏನಾದರೂ ಆದರೆ ನೆಲ ಎಲ್ಲಿದೆ? ಈ ಕೊನೆಯದನ್ನು ಯಾರೂ ಹೆಚ್ಚು ಯೋಚಿಸುತ್ತಿರಲಿಲ್ಲ, ರಜೆಗೆ ಬಂದವರು ಅದನ್ನೆಲ್ಲ ಯೋಚಿಸುವುದೂ ಇಲ್ಲ. ಎರಡನೆಯ ವರ್ಷ ಭೋಜರಾಜ ದಡದ್ದನ್ನು ಮುಚ್ಚಿ ಬೋಟು ಒಂದನ್ನೇ ನಡೆಸುವುದೆಂದು ತೀರ್ಮಾನಿಸಿದ. ಚಂದ್ರ ಮೊದಲಿಗನಾಗಿ ಬರುತ್ತೇನೆ ಎಂದ.

ಕುಷ್ಟ ಭೋಜರಾಜನ ಆಫೀಸಿಗೆ ಹೋಗಿ, "ದಡದ್ದ್ ಮುಚ್ಚುಕಾಗ. ಚಂದ್ರನ್ನ ಬೋಟಿಗೆ ಹತ್ಸುಕಾಗ" ಅಂದ.

"ಅರೇ, ಅವ ಚಲೋ ಕಲ್ತಿದ್ದ. ಯತೀಶನೇ ಹೇಳಿದ್ದ. ನಿಂಗೆಂತ ಮಂಡೆಬಿಸಿ?"

"ಎಲ್ಲ ಸಮಾ ಇದ್ರೆ ಚಲೋ ಇರ್ತ. ಹೆದ್ರಿರೆ ಬಾಯಿ ಮುಚ್ತ. ನಂಗೊತ್ತಿತ್ತ್."

ಭೋಜರಾಜ ನಕ್ಕು, ನೀನು ಬೇಡ ಅಂದರೆ ನಿನ್ನ ತಮ್ಮ ಕೇಳುತ್ತಾನೋ ನೋಡು ಎಂದ. ಕುಷ್ಟ ಮೇಜಿನ ಮೇಲಿನ ಗಾಜು ಒಡೆದ, ಕಿಟಕಿ ಒಡೆದ, ಸಿಲಿಂಡರೊಂದನ್ನು ರಸ್ತೆಗೆ ಉರುಳಿಸಿದ. ಅಂಗೈ ಹರಿದು ರಕ್ತ ತೊಟ್ಟಿಕ್ಕಿಸುತ್ತ ಮನೆಗೆ ಬಂದ. ಬಂದು ಚಂದ್ರನಿಗೆ ಬೋಟಿನ ಆಸೆ ಬಿಡಲು ಹೇಳಿದ.

ಚಂದ್ರ ಊಟದ ತಟ್ಟೆ ಸರಿಸಿ ಎದ್ದ. ಅಷ್ಟು ವರ್ಷದ್ದೆಲ್ಲ ಅವತ್ತು ಹೊರಬಂತು. "ಮೊದ್ಲ್ ಉಸ್ರ್ ಕಟ್ಟ್ ಅಂದ್ ಹೊಡ್ದೆ. ಈಗ ಉಸ್ರ್ ಕಟ್ತೆ ಅಂದ್ ನೀನೇ ಹೋಪುಕ್ ಬಿಡುದಿಲ್ಲ. ನಾನ್ ಬದ್ಕುದ್ ಯಾವತ್ತಾ? ಅಂಡಮಾನಗೆ ಕೆಲ್ಸ ಸಿಕ್ತ್ ಅಂದ್ ಯತೀಶ ಹೇಳಿದ್ದ. ಈ ಬೋಟಗೆ ಒಂದ್ ವರ್ಷ ಮಾಡ್ತೆ, ಆಮೇಲ್ ನಿನ್ ಮುಖ ಕಾಂಬುಕಿಲ್ಲ."

"ಹಾಂಗಾರೆ ಊದುಕ್ ಕಲಿ. ನಾಳಿಂದ" ಎಂದ ಕುಷ್ಟ.

ಮತ್ತೆ ಅದೇ ಅಳಿವೆ, ನೀರಿನಲ್ಲಿ ಅವರಿಬ್ಬರೇ. ಈಗ ಚಂದ್ರ ಇಪ್ಪತ್ತಾರು ದಾಟಿದ ಗಂಡಸು. ಕುಷ್ಟ ಯತೀಶ್ ಕೊಟ್ಟ ಸಿಲಿಂಡರ್ ಕಟ್ಟಿಸಿ ಅವನನ್ನು ಆಳಕ್ಕೆ ಕರೆದುಕೊಂಡು ಹೋಗಿ ಹಿಂದಿನಿಂದ ಬಂದು ಕಾಲೆಳೆಯುವುದು, ಗಾಳಿ ಎಳೆದುಕೊಳ್ಳಲು ಬಾಯಿಗೆ ಕಚ್ಚಿಕೊಂಡ ಕೊಳವೆಯ ತುಂಡನ್ನು ಕಿತ್ತೆಸೆಯುವುದು. ಚಂದ್ರ ಬಾಯಿ ಮುಚ್ಚಿದರೆ ಹೊಟ್ಟೆಗೆ ಗುದ್ದು. ಗುದ್ದಿದರೆ ಗಾಳಿ ಬುಳಕ್ಕನೆ ಹೊರಬರುತ್ತದೆ. ಮೇಲೆ ಬಂದ ಕೂಡಲೇ "ಊದ್. ಹೆದ್ರಿರೆ ಊದ್ಕ್" ಎಂದು ಬೊಬ್ಬೆ. ಹಿಂದೆ ಗುಳ್ಳೆ ಬಂದರೆ ಪೆಟ್ಟು, ಈಗ ಬಾರದಿದ್ದರೆ ಪೆಟ್ಟು. ಒಂದು ದಿನ ಚಂದ್ರ ತಿರುಗಿ ಬಾರಿಸಿದ. ಕುಷ್ಟನ ಮುಂದಿನ ಹಲ್ಲು ಮುರಿದು ಮರಳಿಗೆ ಬಿತ್ತು. ಕುಷ್ಟ ರಕ್ತ ಉಗಿದು, "ಹೊಡಿ, ಆದ್ರೆ ಊದ್" ಎಂದು ಮತ್ತೆ ನೀರಿಗೆಳೆದ. ನಾನು ದಡದಲ್ಲಿ ನಿಂತು ನೋಡುತ್ತಿದ್ದೆ. ನನಗೂ ಚಂದ್ರ ಬದುಕಬೇಕು ಎಂದೇ ಇತ್ತು, ಅದಕ್ಕೆ ಈ ಸಲ ಕೋಲು ಎತ್ತಲಿಲ್ಲ.

ದಿನಗಳು ಹೋದ ಹಾಗೆ ಚಂದ್ರ ಊದತೊಡಗಿದ. ಕುಷ್ಟ ಬರುತ್ತಾನೆ ಎಂದು ಗೊತ್ತಿದ್ದರೆ ಸರಿಯಾಗಿ ಊದುತ್ತಿದ್ದ. ಆದರೆ ಬೋಟು ಹೊರಡುವ ಮುಂಚಿನ ದಿನ, ಎಲ್ಲ ಮುಗಿಯಿತು ಎಂದು ಚಂದ್ರ ಸುಮ್ಮನೆ ಈಜುತ್ತಿದ್ದಾಗ ಕುಷ್ಟ ಅಡಿಯಿಂದ ಬಂದು ಎಳೆದ. ಒಂದೇ ಒಂದು ಗುಳ್ಳೆ ಬರಲಿಲ್ಲ. ಕುಷ್ಟ ಮೇಲೆ ಬಂದು ಅವನನ್ನು ಹೊಡೆಯಲಿಲ್ಲ. ಮರಳಿನ ಮೇಲೆ ನನ್ನ ಹತ್ತಿರ ಬಂದು ಕೂತ.

"ಆ ಅಭ್ಯಾಸ ಹೋತಿಲ್ಲ ಅಕ್ಕ. ಒಳ್ಗ್ ಕೂತಿತ್ತ್ ಅದ್."

"ಈಗೆಂತ ಮಾಡ್ತೆ?"

"ನಾನೂ ಬೋಟಿಗ್ ಹೋತೆ. ಅವ ನನ್ ಕೈಗ್ ಸಿಕ್ಕುವಷ್ಟ್ ದೂರದಗೇ ಇರ್ತೆ. ಬಾಯಿ ಮುಚ್ರೆ ಗುದ್ತೆ."

ಕಿಟಕಿ ಒಡೆದವನಿಗಾಗಿ ಭೋಜರಾಜನ ಕೈಕಾಲು ಹಿಡಿದು ಕೆಲಸ ಕೇಳಲು ನಾನೇ ಹೋಗಬೇಕಾಯಿತು. ಅಡುಗೆಗೂ ಜನ ಬೇಕಿತ್ತು ಅವನಿಗೆ. ನೀನೂ ಬಂದರೆ ಕುಷ್ಟನನ್ನು ಸೇರಿಸಿಕೊಳ್ಳುತ್ತೇನೆ, ಅವನನ್ನು ಹದ್ದುಬಸ್ತಿನಲ್ಲಿ ಇಡುವುದು ನಿನ್ನ ಜವಾಬ್ದಾರಿ ಎಂದ. ನಮ್ಮಲ್ಲಿ ಹೆಂಗಸರು ಮೀನಿನ ಬೋಟು ಹತ್ತುವುದಿಲ್ಲ. ಇದು ಮೀನಿನ ಬೋಟಲ್ಲ ಎಂದು ನನಗೆ ನಾನೇ ಹೇಳಿಕೊಂಡು ಒಲೆ, ಪಾತ್ರೆ, ಮಸಾಲೆ ಡಬ್ಬಿ ಹೊತ್ತು ಹತ್ತಿದೆ.

ಡಿಸೆಂಬರ್, ನೀರು ತಿಳಿಯಾಗಿತ್ತು. ಜಟ್ಟಿಗನ ಕಲ್ಲಿಗೆ ಮೊದಲ ಸಲ ಹೋಗುವ ಬೋಟಿನವರು ಅಲ್ಲಿನ ಜಟ್ಟಿಗ ದೈವಕ್ಕೆ ಕೋಳಿ ಕೊಡುವುದು ವಾಡಿಕೆ. ಗಿರಾಕಿಗಳ ಎದುರು ಅದೆಲ್ಲ ಬೇಡ ಎಂದು ಭೋಜರಾಜ ಮೊದಲೇ ಹೇಳಿದ್ದ. ಕಲ್ಲು ಕಂಡ ಕೂಡಲೇ ಕುಷ್ಟ ಬುಟ್ಟಿಯಿಂದ ಹುಂಜ ತೆಗೆದು, ಎಲ್ಲರೂ ನೋಡುತ್ತಿದ್ದ ಹಾಗೆ ಕುತ್ತಿಗೆ ಕೊಯ್ದು ನೀರಿಗೆ ರಕ್ತ ಬಿಟ್ಟ. ಬೆಂಗಳೂರಿನ ಹೆಂಗಸೊಬ್ಬರು ಅಂಚಿಗೆ ಓಡಿ ವಾಂತಿ ಮಾಡಿದರು. ಚಂದ್ರ ಅವಮಾನದಿಂದ ಕೆಂಪಾಗಿ, ಇವನು ನನ್ನ ಅಣ್ಣ ಅಲ್ಲ ಎನ್ನುವ ಹಾಗೆ ಬೇರೆ ಕಡೆ ಹೋಗಿ ನಿಂತ. ಆ ಹುಂಜದ ಸಾರನ್ನು ಮಧ್ಯಾಹ್ನ ಎಲ್ಲರೂ ಚಪ್ಪರಿಸಿ ಉಂಡರು ಎಂಬುದೂ ಸತ್ಯ.

ಮೊದಲ ದಿನ ಏನೂ ಆಗಲಿಲ್ಲ. ಕುಷ್ಟ ಮಾತು ಕೊಟ್ಟ ಹಾಗೆ ಚಂದ್ರನಿಂದ ಕೈಯಳತೆ ಬಿಟ್ಟು ಹೋಗಲಿಲ್ಲ. ಚಂದ್ರ ಅವನನ್ನು ದೂಡಿ ದೂಡಿ ಸಾಕಾಗಿದ್ದ. ಎರಡನೆಯ ದಿನ ಬೆಳಿಗ್ಗೆ ಯತೀಶ್, ಕುಷ್ಟ, ಚಂದ್ರ, ಜೊತೆಗೆ ಒಬ್ಬ ಗಿರಾಕಿ, ನಾಲ್ವರೂ ಕಲ್ಲಿನ ಹೊರಮೈಯ ಆಳಕ್ಕೆ ಇಳಿದರು. ನಾನು ಬೋಟಿನ ಹಿಂಭಾಗದಲ್ಲಿ ಬಂಗುಡೆ ಕುಯ್ಯುತ್ತಿದ್ದೆ. ಕೆಳಗೆ ನಡೆದದ್ದನ್ನು ಯತೀಶ್ ಆಮೇಲೆ ಹೇಳಿದ. ಬಂಡೆಯ ಸಂದಿಯಲ್ಲಿ ಯಾವುದೋ ಬೋಟು ಕಳೆದುಕೊಂಡ ಬಲೆಯ ತುಂಡು ತೇಲುತ್ತಿತ್ತು. ಅದು ಚಂದ್ರನ ಸಿಲಿಂಡರಿಗೆ ಸಿಕ್ಕಿತು. ಅವನು ಕೊಸರಿದ ಹಾಗೆಲ್ಲ ಕಾಲಿಗೂ ಸುತ್ತಿತು. ಅಪ್ಪ ಸತ್ತದ್ದು ಬಲೆಯಲ್ಲಿ ಎಂದು ನಮ್ಮ ಮನೆಯವರಿಗೆ ಮತ್ತೆ ನೆನಪಿಸಬೇಕಾಗಿಲ್ಲ. ಕುಷ್ಟ ಚೂರಿಯಿಂದ ಬಲೆ ಕೊಯ್ದ. ಬಿಡುಗಡೆಯಾದದ್ದೇ ಚಂದ್ರ ಬಾಯಿಯ ತುಂಡನ್ನು ಉಗಿದು, ಕೆನ್ನೆ ಉಬ್ಬಿಸಿ, ತುಟಿ ಬಿಗಿದು ನೆಟ್ಟಗೆ ಮೇಲಕ್ಕೆ ಹೊರಟ.

ಕುಷ್ಟ ಅವನ ಕಾಲು ಹಿಡಿದ, ಕಾಲಿನಿಂದ ಸೊಂಟಕ್ಕೆ ಹತ್ತಿ ಹೊಟ್ಟೆಗೆ ಗುದ್ದಿದ. ಗುಳ್ಳೆ ಬಂತು. ಚಂದ್ರ ಮತ್ತೆ ಬಾಯಿ ಮುಚ್ಚಿದ, ಕುಷ್ಟ ಮತ್ತೆ ಗುದ್ದಿದ. ಹುಚ್ಚು ಹಿಡಿದವನ ಹಾಗೆ ಒದೆಯುತ್ತಿದ್ದ ಚಂದ್ರನ ಮಂಡಿ ಕುಷ್ಟನ ಮುಖಕ್ಕೆ ಬಡಿದು, ಅವನ ಬಾಯಿಯ ತುಂಡು ಹಾರಿಹೋಯಿತು. ಕುಷ್ಟ ಅದನ್ನು ಹುಡುಕಲಿಲ್ಲ. ಅದಕ್ಕೆ ಒಂದು ಕೈ ಬೇಕು, ಅವನ ಎರಡೂ ಕೈಗೆ ಕೆಲಸವಿತ್ತು. ಮೇಲೆ ಬರುವವರೆಗೂ ಗುದ್ದುತ್ತಲೇ ಬಂದ.

ನೀರು ಒಡೆದು ಎರಡು ತಲೆ ಕಾಣಿಸಿದಾಗ ಚಂದ್ರ ಕೆಮ್ಮುತ್ತ, ಕಿರುಚುತ್ತ ಅಣ್ಣನ ಮುಖಕ್ಕೆ ಹೊಡೆಯುತ್ತಿದ್ದ. ಅವರನ್ನು ಬಿಡಿಸಿ, ಕೋಳಿ ಕೊಯ್ದ ಆ ಮನುಷ್ಯ ತಮ್ಮನನ್ನು ಕೊಲ್ಲುತ್ತಿದ್ದಾನೆ ಎಂದು ಬೋಟಿನ ಮೇಲಿದ್ದ ಗಿರಾಕಿಗಳು ಕೂಗಿದರು. ಬೋಟಿನವರು ಇಬ್ಬರನ್ನೂ ಎಳೆದು ಹಾಕಿದರು. ಚಂದ್ರ ಎದ್ದವನೇ ಕುಷ್ಟನ ಪಕ್ಕೆಗೆ ಒದ್ದ. "ಇಲ್ಲಿಗೂ ಬಂದ್ಯಾ ಕೊಲ್ಲುಕೆ? ಇಲ್ಲಿಗೂ ಬಂದ್ಯಾ?" ಎಂದು ಮತ್ತೆ ಒದ್ದ. ಬೋಟಿನಲ್ಲೇ ಇದ್ದ ಭೋಜರಾಜ ಅವನನ್ನು ಹಿಂದಿನಿಂದ ತಬ್ಬಿ ಹಿಡಿದ. ಪೆಟ್ಟು ತಿಂದು ಸುಮ್ಮನೆ ಕೂತ ಕುಷ್ಟನನ್ನು ನಾನು ಅವತ್ತಿನವರೆಗೆ ನೋಡಿರಲಿಲ್ಲ. ಮೀನಿನ ಕೈಯಲ್ಲೇ ಓಡಿ ಹೋಗಿ ಅವನ ಭುಜ ಹಿಡಿದೆ. ಅವನ ತುಟಿಯಲ್ಲಿ ನೊರೆ ಇತ್ತು, ನೊರೆ ಕೆಂಪಗಿತ್ತು.

"ಅವ ಊದ್ದ ಅಕ್ಕ" ಎಂದ. "ಮೇಲ್ ಬಪ್ಪಲ್ಲಿವರೆಗೂ ಊದ್ದ."

ಅಷ್ಟರಲ್ಲಿ ಯತೀಶ್ ಗಿರಾಕಿಯನ್ನು ನಿಧಾನವಾಗಿ ಮೇಲೆ ತಂದು ಬೋಟು ಹತ್ತಿದ್ದ. ಕುಷ್ಟನ ಬಾಯಿ ನೋಡಿದ್ದೇ ಅವನ ಮುಖ ಬಿಳುಚಿತು. ಆಮ್ಲಜನಕದ ಸಿಲಿಂಡರ್ ತಂದು ಕುಷ್ಟನ ಮುಖಕ್ಕೆ ಹಿಡಿದು, ಬೋಟು ತಿರುಗಿಸಲು ಕೂಗಿದ. ಆಮೇಲೆ ಚಂದ್ರನ ಕಡೆ ನೋಡಿ, ಅವನು ಹೊಡೆದದ್ದಕ್ಕೆ ನೀನು ಬದುಕಿದ್ದೀಯ ಎಂದು ಹೇಳಿದ.

"ನಿನ್ನ್ ಉಸ್ರ್ ಪೂರಾ ಹೊರ್ಗ್ ಹಾಕ್ಸಿದ್ದ ಅವ. ತನ್ನದ್ ಬಿಡ್ಲಿಲ್ಲ. ನಾನ್ ಕೆಳಗಿಂದ ಕಂಡಿದ್ದೆ, ಅವ್ನ್ ಬಾಯಿಂದ ಒಂದ್ ಗುಳ್ಳಿ ಬರ್ಲಿಲ್ಲ."

ಕುಷ್ಟ ಮರೆತನೋ, ಇಲ್ಲ, ಅವನ ಮೈಗೂ ಬೇರೆ ಏನೂ ಗೊತ್ತಿರಲಿಲ್ಲವೋ. ಚಂದ್ರನಿಗೆ ಕಲಿಸಿದ್ದು ಕುಷ್ಟ, ಕುಷ್ಟನಿಗೆ ಕಲಿಸಿದ್ದು ಅಪ್ಪ. ತಮ್ಮನಿಗೆ ಊದಲು ಕಲಿಸುವುದರಲ್ಲೇ ಇದ್ದ ಈ ಮೂರ್ಖ, ತಾನೂ ಕಲಿಯಬೇಕು ಎಂದು ಒಂದು ದಿನ ಯೋಚಿಸಲಿಲ್ಲ. ನಾನಾದರೂ ಹೇಳಿದೆನೇ? ಯತೀಶ್ ಹೇಳಿದನೇ? ಎಲ್ಲರ ಕಣ್ಣೂ ಚಂದ್ರನ ಬಾಯಿಯ ಮೇಲೆ. ಇವತ್ತಿಗೂ ಅದನ್ನು ನೆನೆದರೆ ನನಗೆ ಅಳುವಿಗಿಂತ ಮೊದಲು ಸಿಟ್ಟು ಬರುತ್ತದೆ.

ಇಂಜಿನ್ ಕಿರುಚುತ್ತಿತ್ತು, ದಡ ಇನ್ನೂ ಕಾಣುತ್ತಿರಲಿಲ್ಲ. ಕುಷ್ಟನ ಬಲಗೈ ಮೊದಲು ಸೋತಿತು, ಆಮೇಲೆ ಕಣ್ಣು ಒಂದು ಕಡೆಗೆ ಹೊರಳಿತು. ಚಂದ್ರ ತೆವಳಿಕೊಂಡು ಬಂದು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಅಣ್ಣಾ, ಅಣ್ಣಾ ಎಂದು ಕರೆದ. ಆ ಬಾಯಲ್ಲಿ ಆ ಮಾತು ಬಂದು ಎಷ್ಟೋ ವರ್ಷವಾಗಿತ್ತು. ಕುಷ್ಟ ಕೇಳಿಸಿಕೊಂಡನೋ ಇಲ್ಲವೋ. ಮುಖಕ್ಕೆ ಹಿಡಿದ ಪ್ಲಾಸ್ಟಿಕ್ಕಿನ ಮೇಲೆ ಮೂಡುತ್ತಿದ್ದ ಆವಿ ನಿಂತಿತು. ಯತೀಶ್ ಅವನ ಎದೆಯನ್ನು ಒತ್ತಿ ಒತ್ತಿ ಕೊನೆಗೆ ಕೈ ತೆಗೆದ.

ನಾನು ಒಪ್ಪಲಿಲ್ಲ. ಏಳಾ ಕುಷ್ಟ, ಏಳ್ ಎಂದು ಅವನ ಕೆನ್ನೆಗೆ ಬಾರಿಸಿದೆ. ಏಳಲಿಲ್ಲ, ಇನ್ನೂ ಜೋರಾಗಿ ಬಾರಿಸಿದೆ. ಮಲಗಿದವರನ್ನು ಎಬ್ಬಿಸಲು ನಮ್ಮ ಮನೆಯಲ್ಲಿ ನಮಗೆ ಗೊತ್ತಿದ್ದದ್ದು ಅದೊಂದೇ. ಮತ್ತೆ ಎತ್ತಿದ ನನ್ನ ಕೈಯನ್ನು ಚಂದ್ರ ಹಿಡಿದುಕೊಂಡ.

"ಸಾಕ್ ಅಕ್ಕ" ಎಂದ. "ಅವ್ನಿಗ್ ಹೊಡುದ್ ಇನ್ನ್ ಸಾಕ್."